ಮುದುಕಿಯ ಕಾಲು, ನಾವು ಹೇಳಿದ ಧೈರ್ಯ

ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು, ಮೆಟ್ಟಿಲ ಮೇಲೆ ದಾರಿ ಬಿಡದ ನಾಯಿಯ ಹಿಂದೆ ನಿಂತವಳಿಗೆ ಮೊದಲು ಬರುವುದು ಸಿಟ್ಟು. ಕರುಣೆ ಗಿರುಣೆ ಎಲ್ಲ ಆಮೇಲಿನ ಮಾತು. ನನಗಂತೂ ಹಾಗೇ ಆಯಿತು. ಜರ್ಮನಿಯ ಫೊಯರ್‌ಬಾಕ್‌ ಎಂಬ ಊರಿನ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಾವು ಎರಡನೇ ಮಹಡಿಯಲ್ಲಿದ್ದೆವು, ನಾಯಿಯ ಯಜಮಾನರು ಮೂರನೆಯದರಲ್ಲಿ. ಅವರು ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡು ಒಂಟಿಯಾದವರು. ಅಲ್ಲೇ ಹತ್ತಿರದ ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿದ್ದರು. ನಾಯಿ ಶೆಫರ್ಡ್ ಜಾತಿಯ ಹೆಣ್ಣು. ಮೂತಿಯ ಸುತ್ತ ವಿಭೂತಿ ಬಳಿದ ಹಾಗೆ ಬೆಳ್ಳಗಾಗಿತ್ತು. ಒಂದು ಮೆಟ್ಟಿಲು ಹತ್ತುವುದು, ನಿಲ್ಲುವುದು, ಹಿಂದಿನ ಕಾಲುಗಳು ಬಂದವೋ ಇಲ್ಲವೋ ಎಂದು ತಿರುಗಿ ನೋಡುವುದು. ಅವು ಬಂದಿರುತ್ತಿರಲಿಲ್ಲ. ಯಜಮಾನರು ಮೇಲಿನ ಮೆಟ್ಟಿಲಿನಿಂದ ಬಗ್ಗಿ ಅದಕ್ಕೇನೋ ಸಮಾಧಾನ ಹೇಳುವರು, ಆಮೇಲೆ ನನ್ನ ಕಡೆ ನೋಡಿ ಕ್ಷಮೆ ಕೇಳುವರು. ನಾನು ಹಲ್ಲು ಕಿರಿದು ಪರವಾಗಿಲ್ಲ ಎನ್ನುತ್ತಿದ್ದೆ. ಚೀಲದ ಹಿಡಿಕೆ ಬೆರಳು ಕಡಿಯುತ್ತಿತ್ತು, ಪರವಾಗಿಲ್ಲ ಅನ್ನುವುದು ಎಲ್ಲಿಂದ ಬಂತು.

ನಾವು ಆ ಊರಿಗೆ ಬಂದದ್ದು ಗ್ರೀನ್ ಕಾರ್ಡಿನ ಗಾಳಿಯಲ್ಲಿ. ಕಂಪ್ಯೂಟರ್ ಕಲಿತವರನ್ನು ಜರ್ಮನಿಯವರು ಐದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಮ್ಮವರು, ಅಂದರೆ ನನ್ನ ಗಂಡ, ಹುಬ್ಬಳ್ಳಿಯವರು, ನಾನು ಧಾರವಾಡದವಳು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಅವರಿಗೆ ಸಾಫ್ಟ್‌ವೇರ್ ಕೆಲಸ. ಕಾರ್ಡು ಸಿಕ್ಕದ್ದು ಗಂಡನಿಗೆ, ಹೆಂಡತಿಗೆ ಮೊದಮೊದಲು ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಧಾರವಾಡದಲ್ಲಿ ಹೈಸ್ಕೂಲಿನ ಹುಡುಗರಿಗೆ ಗಣಿತ ಹೇಳಿ, ಬರೀ ಕಣ್ಣಿನಲ್ಲೇ ತರಗತಿ ಹಿಡಿದಿಟ್ಟಿದ್ದವಳು ನಾನು. ಇಲ್ಲಿ ಬೆಳಗ್ಗೆ ಭಾಷೆಯ ಕ್ಲಾಸು, ಮಧ್ಯಾಹ್ನ ಕಿಟಕಿ. ಹಾಗಾಗಿ ಸಿಟ್ಟು ಮಾಡಿಕೊಳ್ಳಲು ಆಗ ನನಗೆ ಬೇಕಾದಷ್ಟು ಬಿಡುವಿತ್ತು.

ಆ ಸೀಮೆಯಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ. ಬಾಡಿಗೆದಾರರು ಪಾಳಿಯ ಮೇಲೆ ಒಂದೊಂದು ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುಬೀಳುತ್ತದೆ. ಹಲಗೆ ನಮ್ಮ ಬಾಗಿಲಿಗೆ ಬಂದ ಒಂದು ವಾರ, ಮೊಣಕಾಲೂರಿ ಮೆಟ್ಟಿಲು ಒರೆಸುತ್ತಿದ್ದೆ. ಮೇಲಿನಿಂದ ನಾಯಿ ಇಳಿದು ಬಂತು. ನೆಲದ ಮಟ್ಟಕ್ಕೆ ಕೂತಿದ್ದರಿಂದ ಅದರ ಹಿಂಗಾಲು ಅವತ್ತು ಮೊದಲ ಸಲ ಸರಿಯಾಗಿ ಕಂಡಿತು. ಪಾದ ಒಳಕ್ಕೆ ಮಡಚಿಕೊಂಡು, ಮೇಲ್ಭಾಗವೇ ಕಲ್ಲಿಗೆ ಉಜ್ಜಿ, ಉಗುರು ಸವೆದು ರಕ್ತ ಒಸರಿತ್ತು. ತೊಡೆಯಲ್ಲಿ ಮಾಂಸವೇ ಇರಲಿಲ್ಲ, ಬೆನ್ನೆಲುಬು ಕೈಗೆ ಸಿಗುವ ಹಾಗೆ ಎದ್ದಿತ್ತು. ನಾನು ಒರೆಸಿದ ಮೆಟ್ಟಿಲ ಮೇಲೆ ಸಣ್ಣ ಕೆಂಪು ಗೆರೆ ಬಿತ್ತು. ಯಜಮಾನರು ಕರ್ಚೀಫು ತೆಗೆದು ಒರೆಸಲು ಬಗ್ಗಿದರು, ಅವರಿಗೂ ಬಗ್ಗಲು ಆಗಲಿಲ್ಲ. ನಾನೇ ಒರೆಸಿದೆ. ಸಿಟ್ಟು ಅವತ್ತಿಗೆ ಮುಗಿಯಿತು.

ಅದಕ್ಕೊಂದು ಜರ್ಮನ್ ಹೆಸರಿತ್ತು, ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. ನಾನು ಮುದುಕಿ ಎಂದೇ ಕರೆದೆ. ಸ್ವಲ್ಪ ದಿನಕ್ಕೆ ಅದು ಆ ಹೆಸರಿಗೂ ಕಿವಿ ನಿಮಿರಿಸತೊಡಗಿತು. ಯಜಮಾನರನ್ನು ನಾವು ಮನೆಯೊಳಗೆ ಅಜ್ಜ ಎನ್ನುತ್ತಿದ್ದೆವು. ಅಜ್ಜನಿಗೆ ಇದ್ದ ಚಿಂತೆ ಒಂದೇ. ಸೊಂಟದ ಕೀಲು ಸವೆದಿದೆ, ಬೆನ್ನಿನ ನರವೂ ಒತ್ತಿದೆ, ದಿನಾ ಒಂದಿಷ್ಟು ನಡೆಸದಿದ್ದರೆ ಉಳಿದ ಶಕ್ತಿಯೂ ಹೋಗುತ್ತದೆ ಎಂದಿದ್ದರು ಪಶುವೈದ್ಯರು. ನಡೆಸಬೇಕಾದರೆ ಕೆಳಗಿಳಿಸಬೇಕು. ಅಷ್ಟು ದೊಡ್ಡ ನಾಯಿಯನ್ನು ಎತ್ತುವ ರಟ್ಟೆ ಅಜ್ಜನಿಗೆ ಇರಲಿಲ್ಲ. ಮೆಟ್ಟಿಲು ನಿಂತ ದಿನ ಮುದುಕಿಯೂ ನಿಂತ ಹಾಗೆ ಎಂಬುದು ಅವರಿಗೆ ಗೊತ್ತಿತ್ತು.

ನನ್ನ ಹತ್ತಿರ ಹಳೆಯದೊಂದು ನೂಲಿನ ಸೀರೆ ಇತ್ತು. ಅದನ್ನು ಮಡಿಕೆ ಮಾಡಿ ಮುದುಕಿಯ ಹೊಟ್ಟೆಯ ಕೆಳಗಿಂದ ಹಾಯಿಸಿ, ಎರಡೂ ತುದಿ ಬೆನ್ನ ಮೇಲೆ ಕೂಡಿಸಿ ಹಿಡಿದೆ. ಹೆಜ್ಜೆ ಕಲಿಯುವ ಕೂಸಿಗೆ ಟಾವೆಲ್ಲು ಹಾಕಿ ನಡೆಸುತ್ತೇವಲ್ಲ, ಹಾಗೆ. ಹಿಂದಿನ ಭಾರ ನನ್ನ ಕೈಗೆ ಬಂತು, ಮುಂದಿನ ಎರಡು ಕಾಲಿನ ಮೇಲೆ ಅದು ನಡೆಯಿತು. ಅಜ್ಜ ಅದರ ಕೊರಳಪಟ್ಟಿ ಹಿಡಿದು ಮುಂದೆ, ಸೀರೆ ಹಿಡಿದು ನಾನು ಹಿಂದೆ. ಬೀದಿಯ ಜನ ನಿಂತು ನೋಡಿದರು. ಜರ್ಮನಿಯವರು ಹಾಗೆ ಸುಮ್ಮನೆ ಯಾರನ್ನೂ ನಿಂತು ನೋಡುವವರಲ್ಲ, ಆದರೂ ನೋಡಿದರು.

ಅಲ್ಲಿಂದ ಅದೊಂದು ದಿನಚರಿಯೇ ಆಯಿತು. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಮತ್ತು ಸಂಜೆ ಬಂದ ಮೇಲೆ ನಮ್ಮವರು ಎತ್ತುತ್ತಿದ್ದರು, ಮಧ್ಯಾಹ್ನದ ಪಾಳಿ ನನ್ನದು. ನೋವಿನ ಗುಳಿಗೆಯನ್ನು ಅಜ್ಜ ಏನೋ ಮಾಂಸದ ಮುದ್ದೆಯಲ್ಲಿ ಇಟ್ಟು ಕೊಡುತ್ತಿದ್ದರು, ಮುದುಕಿ ಮುದ್ದೆ ನುಂಗಿ ಗುಳಿಗೆ ಉಗುಳುತ್ತಿತ್ತು. ನಾನು ತುಪ್ಪ ಸವರಿದ ಚಪಾತಿಯ ಚೂರಿನಲ್ಲಿ ಸುತ್ತಿಕೊಟ್ಟೆ, ಎರಡನೆಯದಕ್ಕೆ ಬಾಯಿ ತೆರೆಯಿತು. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಸೊಂಟಕ್ಕೆ ತಿಕ್ಕತೊಡಗಿದೆ. ಅಜ್ಜನ ಕಂಬಳಿಯೆಲ್ಲ ಎಣ್ಣೆಯಾಯಿತು, ಮನೆಯ ತುಂಬ ದೀಪಾವಳಿ ಬೆಳಗಿನ ವಾಸನೆ. ಪಾಪ, ಅವರು ಒಂದು ಮಾತೂ ಆಡಲಿಲ್ಲ. ನಮ್ಮವರೇ ಆಡಿದರು.

“ಮದಿವ್ಯಾಗಿ ಏಳು ವರ್ಷಾತು. ನನ್ನ ಬೆನ್ನ ಹಿಡದಾಗ ಒಂದ ದಿನಾ ಎಣ್ಣಿ ಕಾಸಿಲ್ಲ ನೀ.”

“ನೀವು ಬಾಲಾ ಅಳ್ಳಾಡಸ್ರಿ, ಕಾಸತೇನಿ.”

ನಗುತ್ತಿದ್ದೆವು ಆಗ. ಎಣ್ಣೆ ತಿಕ್ಕುವಾಗ ಮುದುಕಿ ಕಣ್ಣು ಮುಚ್ಚಿ ತಲೆಯನ್ನು ನನ್ನ ಮೊಣಕಾಲ ಮೇಲೆ ಇಡುತ್ತಿತ್ತು. ಆ ಊರಿಗೆ ಬಂದ ಮೇಲೆ ನನ್ನ ಕೈಕೆಲಸದ ದಾರಿ ಕಾದವರು ಬೇರೆ ಯಾರೂ ಇರಲಿಲ್ಲ. ಅದು ನನ್ನನ್ನು ಉಳಿಸಿತು ಅಂತ ದೊಡ್ಡ ಮಾತು ಆಡುವುದಿಲ್ಲ, ಆದರೆ ಮಧ್ಯಾಹ್ನಗಳು ಸರಿಯಾಗಿ ಕಳೆದವು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋದವರು ಮೋಸಂಬಿ ಚೀಲ ಮಂಚದ ಕಾಲಿಗೆ ಒರಗಿಸಿ, ಕೂತು, ಮೊದಲು ಆಡುವ ಮಾತು, ಮುಖದಾಗ ಎಷ್ಟ ಕಳೆ ಬಂದದ್ರಿ, ಏನೂ ಆಗೂದಿಲ್ಲ, ಹದಿನೈದು ದಿನದಾಗ ಎದ್ದ ಓಡ್ಯಾಡತೀರಿ. ಧಾರವಾಡದಲ್ಲಿ ನನ್ನ ಸ್ವಂತ ಅಜ್ಜ ಹಾಸಿಗೆ ಹಿಡಿದು ಮಲಗಿದ್ದಾಗ ಓಣಿಯ ಓಣಿಯೇ ಬಂದು ಇದನ್ನು ಹೇಳಿ ಹೋಯಿತು. ಅವರು ಹೋಗುತ್ತಾರೆಂದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು, ಮಲಗಿದ್ದವರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ಯಾರೂ ಅಕ್ಷರಶಃ ಹಿಡಿಯುವುದಿಲ್ಲ. ಅದಕ್ಕೆ ಧೈರ್ಯ ಹೇಳುವುದು ಎನ್ನುತ್ತೇವೆ, ಹೇಳದೆ ಎದ್ದು ಬಂದವರನ್ನು ಎಂಥಾ ಜನ ಇವರು ಎನ್ನುತ್ತೇವೆ. ನಮ್ಮವರು ಈ ವಿದ್ಯೆಯಲ್ಲಿ ಪಂಡಿತರು. ಅವರ ಮನೆತನವೇ ಹಾಗೆ, ಸುಡುವ ಮನೆಯ ಎದುರು ನಿಂತರೂ ಏನೂ ಆಗೂದಿಲ್ಲ ಬಿಡ್ರಿ ಎನ್ನುವ ಜನ.

ಅಕ್ಟೋಬರಿನ ಒಂದು ಭಾನುವಾರ ಅಜ್ಜ ನಮ್ಮನ್ನು ಕಾಫಿಗೆ ಕರೆದರು. ದಿನಾ ಮೆಟ್ಟಿಲ ಮೇಲೆ ಸಿಗುವವರು ಹಿಂದಿನ ದಿನವೇ ಬಂದು ಬಾಗಿಲು ತಟ್ಟಿ, ನಾಳೆ ಮಧ್ಯಾಹ್ನ ಬರಲಾದೀತೇ ಎಂದು ಕೇಳಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮೊಟ್ಟೆ ಹಾಕದ ಸೇಬಿನ ಕೇಕು ಯಾವುದೆಂದು ಬೇಕರಿಯಲ್ಲಿ ವಿಚಾರಿಸಿ ತಂದಿದ್ದರು. ಮುದುಕಿ ಬಾಲ್ಕನಿಯ ಬಿಸಿಲಿನಲ್ಲಿ ಮಲಗಿತ್ತು. ಕೇಕು ತಿಂದಾದ ಮೇಲೆ ಅಜ್ಜ ತಟ್ಟೆ ಪಕ್ಕಕ್ಕಿಟ್ಟು, ನನಗೂ ತಿಳಿಯಲಿ ಎಂದು ನಿಧಾನವಾಗಿ ಬಿಡಿಸಿ ಬಿಡಿಸಿ ಕೇಳಿದರು.

“ನೀವಿಬ್ಬರೂ ಅವಳನ್ನು ದಿನಾ ಎತ್ತುತ್ತೀರಿ. ನಾನು ಬರೀ ಅವಳ ಮುಖ ನೋಡುತ್ತೇನೆ, ಭಾರ ಇರುವುದು ನಿಮ್ಮ ಕೈಯಲ್ಲಿ. ಬೇಸಿಗೆಗಿಂತ ಈಗ ಹೇಗಿದ್ದಾಳೆ? ದಯವಿಟ್ಟು ನೇರವಾಗಿ ಹೇಳಿ.”

ನಮ್ಮವರು ಉತ್ತರ ಕೊಟ್ಟರು. ಅವರ ಜರ್ಮನ್ ನನ್ನದಕ್ಕಿಂತ ಬಹಳ ಚೆನ್ನಾಗಿತ್ತು, ಅರ್ಧ ನನಗೆ ತಿಳಿಯಿತು. ಉಳಿದರ್ಧ ಅಜ್ಜನ ಮುಖ ನೋಡಿ ತಿಳಿಯಿತು. ಬಿಗಿದುಕೊಂಡಿದ್ದ ಹೆಗಲು ಇಳಿಯಿತು, ಕಣ್ಣಂಚು ಒದ್ದೆಯಾಯಿತು, ಮನುಷ್ಯ ಹತ್ತು ವರ್ಷ ಚಿಕ್ಕವರಾದರು. ಆಮೇಲೆ ನನ್ನ ಕಡೆ ತಿರುಗಿ, ನೀವೂ ಹಾಗೇ ಅನ್ನುತ್ತೀರಾ ಎಂಬಂತೆ ನೋಡಿದರು. ನಾನು ತಲೆಯಾಡಿಸಿದೆ. ಎದುರಿಗೆ ಕೂತವರಿಗೆ ಅಷ್ಟು ಖುಷಿಯಾಗಿರುವಾಗ ಬೇರೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕೆಳಗೆ ಬಂದು ಬಾಗಿಲು ಹಾಕಿಕೊಂಡೊಡನೆ ನಮ್ಮವರನ್ನು ಹಿಡಿದೆ.

“ಏನ್ ಹೇಳಿದ್ರಿ ಅವರಿಗೆ?”

“ಹ್ವಾದ ತಿಂಗಳಕ್ಕಿಂತ ಸುಧಾರ್ಸ್ಯಾಳ, ಚಳಿ ಒಂದ ಕಳೀಲಿ, ಬ್ಯಾಸಿಗ್ಯಾಗ ತಾನ ನಡೀತಾಳ ಅಂದೆ.”

“ಮುಂಜಾನೆ ಮೆಟ್ಲದಾಗ ಪೂರಾ ಜೋತ ಬಿದ್ದಿತ್ತು. ಸೀರಿ ನಿಮ್ಮ ಕೈಯಾಗ ಇರಲಿಲ್ಲೇನು?”

“ಇತ್ತು. ಹಂಗಂತ ಏನ್ ಮಾಡ್ಲಿ? ಕರದು ಕೂಡಿಸಿ ಕೇಕ್ ಕೊಟ್ಟ ಮನಶ್ಯಾಗ ನಿನ್ನ ನಾಯಿ ಸಾಯತದ ಅಂತ ಹೇಳ್ಲೇನು?”

“ಅವರು ಕೇಳಿದ್ದ ಅದನ್ನ.”

“ಕೇಳತಾರ. ಕೇಳಿದವ್ರಿಗೆ ಧೈರ್ಯಾ ಹೇಳ್ಬೇಕು. ಅದು ಸುಳ್ಳಲ್ಲ.”

“ಈ ಚಳಿಗಾಲ ದಾಟೂದಿಲ್ಲದು. ಬರದಿಟ್ಕೋರಿ.”

“ಬಿಡ್ತು ಅನ್ನು. ಎಂಥಾ ಬಾಯಿ ಇದು ನಿಂದು.”

ನಾನು ಬಿಡ್ತು ಅನ್ನಲಿಲ್ಲ. ಪಾತ್ರೆ ಕುಕ್ಕಿದೆ, ಮೂರು ದಿನ ಮುಖ ಊದಿಸಿಕೊಂಡಿದ್ದೆ. ಅಷ್ಟು ದೊಡ್ಡ ದನಿಯಲ್ಲಿ ನಾನು ನಿಜ ಹೇಳಿದ್ದು ಕನ್ನಡದಲ್ಲಿ, ನಮ್ಮ ಅಡುಗೆಮನೆಯಲ್ಲಿ, ಹೇಳಬೇಕಾದವರು ಒಂದು ಮಹಡಿ ಮೇಲೆ ಕೂತಿರುವಾಗ. ಹತ್ತಿ ಹೋಗಿ ಬಾಗಿಲು ತಟ್ಟಬಹುದಿತ್ತು. ನನ್ನ ಜರ್ಮನ್ ಅಷ್ಟಿಲ್ಲ ಎಂದುಕೊಂಡೆ. ಅಷ್ಟು ಹೇಳಲು ಎಷ್ಟು ಜರ್ಮನ್ ಬೇಕು ಎಂದು ಈಗ ಅನ್ನಿಸುತ್ತದೆ.

ಅಜ್ಜ ಆ ಮಾತನ್ನು ಹಿಡಿದುಕೊಂಡರು. ಅವರ ಊರಿನಲ್ಲಿ ಕೇಳಿದ್ದಕ್ಕೆ ಉತ್ತರ ಎಂದರೆ ಉತ್ತರ. ಹೇಗಿದ್ದೀರಿ ಎಂದರೆ ಹೊಟ್ಟೆಯುಬ್ಬರದಿಂದ ಹಿಡಿದು ಎಲ್ಲವನ್ನೂ ಹೇಳುವ ಜನ ಅವರು. ದಿನಾ ಭಾರ ಹೊರುವವನು, ಅದರಲ್ಲೂ ಒಬ್ಬ ಎಂಜಿನಿಯರ್, ಸುಧಾರಿಸಿದೆ ಎಂದನೆಂದರೆ ಸುಧಾರಿಸಿದೆ. ಮರುವಾರದಿಂದಲೇ ಅವರ ಮನೆಯಲ್ಲಿ ಸುತ್ತಿಗೆಯ ಸದ್ದು. ಬಾಲ್ಕನಿಯ ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿದರು. ಮರದ ನೆಲದ ಮೇಲೆ ಕಾಲು ಜಾರದಂತೆ ಕಂಬಳಿಯ ಪಟ್ಟಿಗಳನ್ನು ಉದ್ದಕ್ಕೆ ಹಾಸಿದರು. ದಪ್ಪ ಹಾಸಿಗೆ ತಂದರು. ಬೇಸಿಗೆಯಲ್ಲಿ ಬೋಡನ್‌ಸೇ ಸರೋವರಕ್ಕೆ ಕರೆದುಕೊಂಡು ಹೋಗುತ್ತೇನೆ, ನೀರಿನಲ್ಲಿ ಕಾಲಿಗೆ ಭಾರ ಬೀಳುವುದಿಲ್ಲ, ಮರಿಯಾಗಿದ್ದಾಗ ಅಲ್ಲೇ ಈಜು ಕಲಿತದ್ದು ಎಂದು ನನಗೆ ಅಲ್ಲಿ ತೆಗೆದ ಹಳೆಯ ಫೋಟೋ ತೋರಿಸಿದರು. ನಾನು ಫೋಟೋ ಚೆನ್ನಾಗಿದೆ ಎಂದೆ.

ಚಳಿ ಬಂತು. ಮುದುಕಿ ಬೆಳಗ್ಗೆ ಏಳುವುದೇ ಒಂದು ಕೆಲಸವಾಯಿತು. ಮುಂಗಾಲು ಊರಿ ಎದೆ ಎತ್ತುವುದು, ಹಿಂದಿನದು ಬಾರದೆ ಮತ್ತೆ ಕುಸಿಯುವುದು, ಯಾರೋ ಹಿಂದಿನಿಂದ ಹಿಡಿದುಕೊಂಡಿದ್ದಾರೆ ಎಂಬಂತೆ ತಿರುಗಿ ನೋಡುವುದು. ಸುಮ್ಮನೆ ಮಲಗಿದ್ದರೂ ಏದುಸಿರು. ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡು ನಾಚಿಕೆಯಿಂದ ಮೂತಿ ಗೋಡೆಗೆ ತಿರುಗಿಸುತ್ತಿತ್ತು. ಹೌದು, ನಾಚಿಕೆಯೇ, ನಾನು ನೋಡಿದ್ದೇನೆ. ಎಣ್ಣೆ ತಿಕ್ಕಲು ಹೋದರೆ ಮೊದಲಿನ ಹಾಗೆ ತಲೆ ಇಡುತ್ತಿರಲಿಲ್ಲ, ಕೈಯನ್ನು ಮೆಲ್ಲಗೆ ಹಲ್ಲಿನಲ್ಲಿ ಹಿಡಿದು ಪಕ್ಕಕ್ಕೆ ಸರಿಸುತ್ತಿತ್ತು. ಕಚ್ಚಲಿಲ್ಲ. ಸಾಕು ಎಂದು ಅದಕ್ಕಿಂತ ಸ್ಪಷ್ಟವಾಗಿ ಮನುಷ್ಯರೂ ಹೇಳಲಾರರು. ಅಜ್ಜ ಅದನ್ನು ನೋಡಿ, ಚಳಿಗೆ ಹೀಗೆ, ಚಳಿ ಕಳೆಯಲಿ, ಎಂದರು. ನಮ್ಮವರ ಮಾತನ್ನೇ ಹೇಳುತ್ತಿದ್ದರು.

ನಮ್ಮವರನ್ನು ಬರೀ ಬಯ್ಯಲೂ ನನಗೆ ಮನಸ್ಸಿಲ್ಲ. ಆ ಚಳಿಗಾಲ ಅವರ ಕಾಲ ಕೆಳಗೂ ನೆಲ ಅಲುಗುತ್ತಿತ್ತು. ಕಂಪನಿಗಳು ಜನರನ್ನು ತೆಗೆಯುತ್ತಿದ್ದವು, ಕಾರ್ಡಿನ ಮೇಲೆ ಬಂದವರು ಒಬ್ಬೊಬ್ಬರೇ ಪೆಟ್ಟಿಗೆ ಕಟ್ಟುತ್ತಿದ್ದರು. ಮ್ಯಾನ್‌ಹೈಮ್‌ನಲ್ಲಿದ್ದ ಮೈಸೂರಿನ ಗೆಳೆಯನೊಬ್ಬ ವಾರಕ್ಕೊಮ್ಮೆ ಫೋನ್ ಮಾಡಿ, “ಏನೂ ಆಗಲ್ಲ ಗುರು, ಸುಮ್ನೆ ತಲೆ ಕೆಡಿಸ್ಕೋಬೇಡ,” ಎನ್ನುತ್ತಿದ್ದ. ಜನವರಿಯಲ್ಲಿ ಕೆಲಸ ಹೋದದ್ದು ಆ ಗೆಳೆಯನದೇ. ಅವತ್ತೂ ನಮ್ಮವರು ಫೋನಿನಲ್ಲಿ ಅವನಿಗೆ ಏನೂ ಆಗೂದಿಲ್ಲ ಎಂದೇ ಹೇಳಿ ಇಟ್ಟರು. ಬೆಳಗ್ಗೆ ಎದ್ದು ಎಂದಿನಂತೆ ಸೀರೆ ತೆಗೆದುಕೊಂಡು ಮೇಲೆ ಹೋದರು. ಆ ಮಾತಿನಿಂದ ಅವರಿಗೇ ಎಷ್ಟು ಬಲ ಸಿಗುತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಮುದುಕಿ ಬಿತ್ತು. ಅಜ್ಜ ಮುಂದೆ, ಸೀರೆ ಹಿಡಿದು ನಮ್ಮವರು ಹಿಂದೆ, ಬಾಗಿಲು ತೆರೆಯಲು ನಾನು ಕೆಳಗೆ. ಹಿಂದಿನ ಕಾಲು ಹೋಗಿ ಎಷ್ಟೋ ದಿನವಾಗಿತ್ತು, ಮೈಯೆಲ್ಲ ಹೊತ್ತದ್ದು ಮುಂದಿನ ಎರಡು. ಅವತ್ತು ಅವೇ ಮಡಚಿಕೊಂಡವು. ನಮ್ಮ ಬಾಗಿಲ ಎದುರಿನ ಜಾಗದಲ್ಲಿ ಎದೆ ಕಲ್ಲಿಗೆ ಬಡಿದು ಕೂಗಿತು. ವರ್ಷದಿಂದ ಅದರ ದನಿಯನ್ನೇ ನಾನು ಕೇಳಿರಲಿಲ್ಲ, ಅಂಥ ದನಿ ಒಳಗಿತ್ತೆಂದು ಗೊತ್ತಿರಲಿಲ್ಲ. ನಮ್ಮವರು ಸೀರೆಯಲ್ಲಿ ಸುತ್ತಿ ಪೂರಾ ಎತ್ತಿಕೊಂಡು ಇಳಿದರು. ಕೆಳಮನೆಯವರು ಕಾರು ತೆಗೆದರು. ಶನಿವಾರವಾದ್ದರಿಂದ ಅಜ್ಜನ ಗುರುತಿನ ಪಶುವೈದ್ಯರ ಬಾಗಿಲು ಹಾಕಿತ್ತು, ಪಾಳಿಯಲ್ಲಿದ್ದ ಗುರುತಿಲ್ಲದ ಒಂದು ಆಸ್ಪತ್ರೆಗೆ ಹೋದೆವು.

ಸ್ಟೀಲಿನ ಮೇಜು. ಮಲಗಿಸಿದರೆ ಉಗುರು ಜಾರಿ ಕರಕರ ಅನ್ನುತ್ತಿತ್ತು, ಮುದುಕಿ ಹೆದರಿ ಎದ್ದೇಳಲು ನೋಡುತ್ತಿತ್ತು, ಏಳಲು ಆಗುತ್ತಿರಲಿಲ್ಲ. ನಾನು ಸೀರೆ ಬಿಡಿಸಿ ಕೆಳಗೆ ಹಾಸಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆನ್ನು, ಸೊಂಟ, ಮೊಣಕಾಲು ಒಂದೊಂದೇ ಒತ್ತಿ ನೋಡಿ, ಯಾವಾಗಿನಿಂದ ಹೀಗಿದೆ ಎಂದು ಕೇಳಿದಳು.

“ಸುಧಾರಿಸುತ್ತಿದ್ದಳು,” ಎಂದರು ಅಜ್ಜ. ಎಂದು, ನಮ್ಮವರ ಕಡೆ ನೋಡಿದರು. ನಮ್ಮವರು ಮೇಜು ನೋಡುತ್ತಿದ್ದರು.

“ಇಲ್ಲ,” ಎಂದಳು ಡಾಕ್ಟರು, ಮೆತ್ತಗೆ. “ಇವಳಿಗೆ ತಿಂಗಳುಗಟ್ಟಲೆಯಿಂದ ಬಹಳ ನೋವಿದೆ. ಇವಳನ್ನು ಇನ್ನು ಮನೆಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.”

ನೋವಿಲ್ಲದೆ ಕಳಿಸಿಕೊಡುವ ಕೊನೆಯ ಸೂಜಿ ಹಾಕುವಾಗ ಅಜ್ಜ ಅದರ ಕಿವಿಯ ಹತ್ತಿರ ಬಾಯಿಟ್ಟು ಮಾತಾಡುತ್ತಿದ್ದರು. ನಾನು ಬೆನ್ನ ಮೇಲೆ ಕೈ ಇಟ್ಟಿದ್ದೆ. ಎಂದಿಗೂ ಬಿಗಿದೇ ಇರುತ್ತಿದ್ದ ಸೊಂಟದ ಸ್ನಾಯು ನನ್ನ ಅಂಗೈ ಕೆಳಗೆ ಸಡಿಲವಾಯಿತು. ಎಣ್ಣೆ ತಿಕ್ಕಿ ತಿಕ್ಕಿ ಅಷ್ಟು ಸಡಿಲ ಮಾಡಲು ನನಗೆ ಒಂದು ದಿನವೂ ಆಗಿರಲಿಲ್ಲ. ನಾನು ಅತ್ತೆ. ಯಾರದೋ ನಾಯಿಗೆ, ಪರದೇಶದಲ್ಲಿ, ಗುರುತಿಲ್ಲದವರ ಎದುರಿಗೆ ಗೋಳೋ ಎಂದು ಅತ್ತೆ.

ಹೊರಗೆ ಕಾರು ನಿಲ್ಲಿಸಿದ ಜಾಗದಲ್ಲಿ ಅಜ್ಜ ಬರೀ ಪಟ್ಟಿ ಹಿಡಿದು ನಿಂತರು. ಹಿಮ ಕರಗಿ ನೀರು ಹರಿಯುತ್ತಿತ್ತು. ಬಯ್ಯುತ್ತಾರೆ ಎಂದುಕೊಂಡೆ; ಬಯ್ದಿದ್ದರೆ ಒಳ್ಳೆಯದಿತ್ತು. ಅವರು ನಮ್ಮವರಿಗೆ ಏನೋ ಹೇಳಿದರು, ನಿಧಾನವಾಗಿಯೇ, ನನಗೆ ಪೂರ್ತಿ ತಿಳಿಯುವಷ್ಟು ನಿಧಾನವಾಗಿ.

“ಅಕ್ಟೋಬರಿನಲ್ಲಿ ಈ ಸೂಜಿ ಹಾಕಲು ನಮ್ಮ ಡಾಕ್ಟರು ಮನೆಗೇ ಬರುವುದಿತ್ತು. ಎಲ್ಲ ಮಾತಾಡಿ ಗೊತ್ತುಮಾಡಿದ್ದೆ. ಬಾಲ್ಕನಿಯಲ್ಲಿ, ಅವಳ ಕಂಬಳಿಯ ಮೇಲೆ, ಬಿಸಿಲಿರುವಾಗ. ಅದಕ್ಕೆ ಮುಂಚೆ ನಿಮ್ಮನ್ನು ಒಂದು ಸಲ ಕೇಳೋಣ ಅಂತ ಕಾಫಿಗೆ ಕರೆದೆ. ಮರುದಿನ ಫೋನ್ ಮಾಡಿ, ಬರುವುದು ಬೇಡ, ಅವಳು ಸುಧಾರಿಸುತ್ತಿದ್ದಾಳೆ ಎಂದೆ.”

ನಮ್ಮವರು ಬಾಯಿ ತೆರೆದರು. ಅಜ್ಜ ಅವರ ತೋಳು ಮುಟ್ಟಿದರು.

“ನೀವು ಒಳ್ಳೆಯದಕ್ಕೇ ಹೇಳಿದಿರಿ. ನನಗೆ ಒಂದು ಚಳಿಗಾಲ ಸಿಕ್ಕಿತು. ಅವಳಿಗೆ ಅದು ಬೇಕಿರಲಿಲ್ಲ.”

ಮನೆಗೆ ಬಂದು ನಮ್ಮವರು ಸೀರೆಯನ್ನು ತಾವೇ ಬಚ್ಚಲಲ್ಲಿ ಒಗೆದು, ಹಿಂಡಿ, ಒಣಹಾಕಿದರು. ಅವರ ಬೆನ್ನು ನೋಡಿ, “ನಾನು ಹೇಳಿದ್ನಿಲ್ಲ?” ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಜನ್ಮದಲ್ಲಿ ಒಂದೇ ಸಲ ಅದನ್ನು ನುಂಗಿಕೊಂಡೆ. ಹೇಳಿದ್ದೆ, ಹೌದು, ಗೋಡೆಗೆ ಹೇಳಿದ್ದೆ. ಬಾಲ್ಕನಿಯ ಬಿಸಿಲು, ಕಂಬಳಿ, ಗುರುತಿನ ಡಾಕ್ಟರು. ಅಷ್ಟು ಒಳ್ಳೆ ಸಾವನ್ನು ಅಜ್ಜ ಅದಕ್ಕೆ ಎತ್ತಿಟ್ಟಿದ್ದರು, ನಾವು ಕೇಕು ತಿಂದು ಅದನ್ನು ಇಲ್ಲವಾಗಿಸಿ ಬಂದೆವು.

ಆಮೇಲೆ ಅಜ್ಜ ಒಬ್ಬರೇ ಮೆಟ್ಟಿಲು ಇಳಿದು ಹತ್ತುವುದು ಕಂಡಿತು. ನಾಯಿ ಜೊತೆಗಿದ್ದಾಗ ನಿಧಾನವೆಲ್ಲ ನಾಯಿಯದೇ ಎಂದುಕೊಂಡಿದ್ದೆವು. ಈಗ ನೋಡಿದರೆ ಅವರ ಬಲಗಾಲೂ ಮಾತು ಕೇಳುತ್ತಿರಲಿಲ್ಲ. ಕಟಾಂಜನ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದರು, ನಮ್ಮ ಬಾಗಿಲ ಎದುರು ನಿಂತು ಉಸಿರು ತಗೊಳ್ಳುತ್ತಿದ್ದರು. ನಾನು ಒಳಗಿನಿಂದ ಆ ಉಸಿರು ಕೇಳಿಸಿಕೊಳ್ಳುತ್ತಿದ್ದೆ.

ಏಪ್ರಿಲಿನ ಒಂದು ಸಂಜೆ ಅವರೇ ಕೆಳಗೆ ಬಂದರು. ನಮ್ಮ ಅಡುಗೆಮನೆಯ ಮೇಜಿನ ಹತ್ತಿರ ಕೂತು ಚಹಾ ಕುಡಿದರು. ಹ್ಯಾಂಬರ್ಗ್‌ನಲ್ಲಿರುವ ಮಗಳು ತನ್ನ ಮನೆಯ ಹತ್ತಿರ ವೃದ್ಧರ ನಿವಾಸವೊಂದನ್ನು ನೋಡಿದ್ದಾಳಂತೆ. ಲಿಫ್ಟ್ ಇದೆಯಂತೆ, ಮೆಟ್ಟಿಲೇ ಇಲ್ಲವಂತೆ. ಆದರೆ ನಲವತ್ತು ವರ್ಷದಿಂದ ತಾನು ಈ ಮನೆಯಲ್ಲೇ ಇರುವವನು, ಹೆಂಡತಿ ಹಾಕಿದ ಪರದೆಗಳು ಇನ್ನೂ ಅದೇ ಕಿಟಕಿಯಲ್ಲಿವೆ, ಎಂದರು. ಆಮೇಲೆ ಕಪ್ಪು ಕೆಳಗಿಟ್ಟು ಕೇಳಿದರು.

“ನೀವು ದಿನಾ ನೋಡುತ್ತೀರಿ. ನಾನು ಹೇಗೆ ಹತ್ತುತ್ತೇನೆ?”

ನಮ್ಮವರು ಏನೋ ಹೇಳಲು ಹೋದರು. ಅಜ್ಜ ಕೈ ಎತ್ತಿ ತಡೆದರು. ಬೇಡ, ನಿಮ್ಮ ಹೆಂಡತಿ ಹೇಳಲಿ, ಎಂದರು.

ಆ ವೇಳೆಗೆ ನನ್ನ ಜರ್ಮನ್ ಸುಮಾರಾಗಿ ಕುದುರಿತ್ತು. ಆದರೂ ಕ್ಲಾಸಿನಲ್ಲಿ ಕಲಿತ ಜರ್ಮನ್‌ಗೆ ಮೆತ್ತನೆಯ ಮಾತು ಇರುವುದಿಲ್ಲ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಈ ಸಲ ತಪ್ಪಬಾರದು ಎಂದು ಹಟ ಹಿಡಿದವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.

“ಚೆನ್ನಾಗಿಲ್ಲ,” ಎಂದೆ. “ತೋಳಿನಿಂದ ಹತ್ತುತ್ತೀರಿ, ಕಾಲಿನಿಂದಲ್ಲ. ಇಳಿಯುವಾಗ ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಒಂದು ದಿನ ಬೀಳುತ್ತೀರಿ. ಇಲ್ಲಿ ಇರಬೇಡಿ.”

ಅಜ್ಜ ಉಳಿದ ಚಹಾ ಕುಡಿದು ಮುಗಿಸಿದರು. ಆಮೇಲೆ ತಲೆಯಾಡಿಸಿ, ಧನ್ಯವಾದ ಎಂದರು, ಕೈ ಕುಲುಕಿದರು, ಕಟಾಂಜನ ಹಿಡಿದು ಮೇಲೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳುವವರೆಗೂ ನಮ್ಮವರು ಕಾದರು.

“ಅಷ್ಟ ನೆಟ್ಟಗ ಹೇಳ್ಬೇಕಿತ್ತೇನು?”

“ಮತ್ತ ನಿಮ್ಮಂಗ ಹೇಳ್ಬೇಕಿತ್ತೇನು?”

ಅವರು ತಟ್ಟೆ ಸರಿಸಿ ಎದ್ದರು. ಆ ಮಾತು ಆಡಬಾರದಿತ್ತು ನಾನು. ಆದರೆ ನನಗೆ ಒಳಗೊಳಗೇ ಒಂದು ನೆಮ್ಮದಿಯೂ ಆಗಿತ್ತು, ಒಂದಾದರೂ ಸಲ ನಿಜ ಹೇಳಿದೆ, ಮುದುಕಿಯ ಋಣ ಇಷ್ಟಾದರೂ ತೀರಿತು ಎಂದು. ಎಷ್ಟೋ ದಿನದ ಮೇಲೆ ಅವತ್ತು ಚೆನ್ನಾಗಿ ನಿದ್ದೆ ಬಂತು.

ಮೇ ತಿಂಗಳಲ್ಲಿ ಮಗಳು ಕಾರು ತಂದಳು. ಸಾಮಾನು ಹೋದ ಮೇಲೆ ಅಜ್ಜ ಕೊನೆಯಲ್ಲಿ ಇಳಿದರು. ಅವರ ಕೋಟು ನನ್ನ ಕೈಯಲ್ಲಿತ್ತು. ನಮ್ಮ ಮಹಡಿಗೆ ಬಂದು ನಿಂತು, ಉಸಿರು ತಗೊಂಡು, ಕೋಟಿಗೆ ಕೈ ಚಾಚಿದರು.

“ಆ ಸಂಜೆ ನಿಮ್ಮನ್ನು ಕೇಳಿದೆನಲ್ಲ,” ಎಂದರು. “ನೀವು ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಕಾಲು ನನಗೆ ಗೊತ್ತಿಲ್ಲವೇ. ಆದರೂ ನಿಮ್ಮ ಗಂಡ ಹೇಳುತ್ತಾರಲ್ಲ, ಹಾಗೆ ನೀವು ಹೇಳಿಬಿಡುತ್ತೀರೇನೋ ಅಂತ ಆಸೆಯಿತ್ತು. ಅದಕ್ಕೇ ಕೆಳಗೆ ಬಂದಿದ್ದೆ.”

ಕೋಟು ಹಾಕಿಕೊಳ್ಳಲು ಅವರಿಗೆ ತೋಳು ಸಿಗಲಿಲ್ಲ, ನಾನು ಹಿಡಿದು ತೊಡಿಸಿದೆ. ಗುಂಡಿಯನ್ನೂ ನಾನೇ ಹಾಕಿದೆ. ಕೆಳಗೆ ಮಗಳು ಕಾರಿನ ಬಾಗಿಲು ತೆರೆದು ಕಾಯುತ್ತಿದ್ದಳು. ಅವರು ಇಳಿದು ಹೋದರು.